ಪುಟ್ಟಿಯನ್ನು ಈಗಲೇ ಸಿಟಿ ಶಾಲೆಗೆ ಹಾಕಬೇಡ ಕಣೋ

ಗೆಳೆಯಾ,

ನಿನ್ನ ಉದ್ದನೆಯ ವಾಯ್ಸ್ ಮೆಸೇಜ್ ಕೇಳಿದೆ. ಫೋನಲ್ಲಿ ಉತ್ತರ ಹೇಳಿದರೆ ಅರ್ಧಕ್ಕೇ "ಸರಿ ಬಿಡು, ನೋಡೋಣ" ಅಂತೀಯ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ತಲೆಬಿಸಿಯಲ್ಲಿರುವ ಅಪ್ಪ ಅಮ್ಮಂದಿರು ಬಹಳ ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಹೆಸರು ಹಾಕಿಲ್ಲ, ಬೈಯಬೇಡ.

ಎಂಟನೇ ಕ್ಲಾಸು ಮುಗಿದ ತಕ್ಷಣ ಪುಟ್ಟಿಯನ್ನು ಹಾಸನದ ಪ್ರೈವೇಟ್ ಶಾಲೆಗೆ ಸೇರಿಸಿ, ಅಲ್ಲೇ ಹಾಸ್ಟೆಲಿಗೆ ಬಿಟ್ಟು, ಈಗಿನಿಂದಲೇ ಸಿಇಟಿಗೆ, ಅಂದರೆ ಪಿಯುಸಿ ಆದಮೇಲೆ ಎಂಜಿನಿಯರಿಂಗ್, ಅಗ್ರಿ ಸೀಟಿಗೆ ಬರೆಯುವ ರಾಜ್ಯದ ಪ್ರವೇಶ ಪರೀಕ್ಷೆಗೆ, "ಫೌಂಡೇಶನ್" ಹಾಕಿಸಬೇಕು ಅಂತ ಹೇಳಿದೆಯಲ್ಲ, ಅದು ಬೇಡ. ಹತ್ತನೇ ಕ್ಲಾಸಿನವರೆಗೆ ಊರ ಶಾಲೆಯಲ್ಲೇ ಇರಲಿ.

ಯಾಕೆ ಅಂದರೆ ಗ್ರಾಮೀಣ ಕೋಟಾ. ಸಿಇಟಿ ಸೀಟುಗಳಲ್ಲಿ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15 ಮೀಸಲು, ಕನ್ನಡ ಮಾಧ್ಯಮದವರಿಗೆ ಇನ್ನೊಂದು ಶೇ 5. ಆದರೆ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ಒಂಬತ್ತು ವರ್ಷ ಹಳ್ಳಿಯಲ್ಲಿ ಓದಿ ಕೊನೆಯ ಒಂದೇ ವರ್ಷ ಪಟ್ಟಣಕ್ಕೆ ಹೋದರೂ ಹಕ್ಕು ಹೋಯಿತು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಲೆಕ್ಕಕ್ಕೆ ಬರುವುದು ನಿನ್ನ ಮನೆ ಎಲ್ಲಿದೆ ಅಂತಲ್ಲ, ಶಾಲೆ ಎಲ್ಲಿದೆ ಅಂತ. ಮನೆ ತೋಟದಲ್ಲೇ ಇದ್ದು ಮಗು ದಿನಾ ಬಸ್ಸಲ್ಲಿ ಪುರಸಭೆ ವ್ಯಾಪ್ತಿಯ ಶಾಲೆಗೆ ಹೋದರೆ ಅದು ಗ್ರಾಮೀಣ ಅಲ್ಲ. ಜನರಲ್ ಮೆರಿಟ್‌ನವರಿಗೆ ಕೆನೆಪದರದ ಷರತ್ತೂ (ಆದಾಯ ಮಿತಿ ಮೀರಿದವರಿಗೆ ಸಿಗುವುದಿಲ್ಲ ಅಂತ) ಇದೆ, ನಿನಗೆ ಆ ಚಿಂತೆ ಇಲ್ಲ ಬಿಡು.

ಇದರ ಬೆಲೆ ಎಷ್ಟು ಅಂತ ನೀನೇ ನೋಡಬೇಕಾದರೆ ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಲ್ಲಿ ಹೋದ ವರ್ಷದ ಕಟ್‌ಆಫ್ ಪಟ್ಟಿ ತೆಗೆ. ಮೇಲಿನ ಸಾಲಿನಲ್ಲಿ 3ಎಜಿ, 3ಎಕೆ, 3ಎಆರ್ ಅಂತೆಲ್ಲ ಇರುತ್ತದೆ. 3ಎ ಅಂದರೆ ಹಿಂದುಳಿದ ವರ್ಗದ ಒಂದು ಗುಂಪು. ಕೊನೆಯ ಅಕ್ಷರ ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ, ಜಿ ಅಂದರೆ ಈ ಎರಡೂ ಇಲ್ಲದ್ದು. ಒಂದು ಕಾಲೇಜು, ಒಂದು ಬ್ರಾಂಚು ಹಿಡಿದು ಅಡ್ಡಕ್ಕೆ ಓದುತ್ತಾ ಹೋಗು, ಬಹಳ ಕಡೆ ಆರ್ ಕೆಳಗಿರುವ ರ‍್ಯಾಂಕು ಜಿ ಕೆಳಗಿನದಕ್ಕಿಂತ ಎಷ್ಟೋ ಹಿಂದೆ ಇರುತ್ತದೆ. ಅಂದರೆ ಅಷ್ಟು ಹಿಂದಿನ ರ‍್ಯಾಂಕಿಗೂ ಅದೇ ಸೀಟು ಸಿಕ್ಕಿದೆ. ಅದೇ ಕಾಲೇಜಿನಲ್ಲಿ, ಅದೇ ಬೆಂಚಿನಲ್ಲಿ ಕೂರುವ ಮಕ್ಕಳಿಗೆ ಸಿಇಟಿ ಸೀಟಿಗೆ ಒಂದು ಫೀಸು, ಖಾಸಗಿ ಕಾಲೇಜುಗಳೇ ನಡೆಸುವ ಕಾಮೆಡ್‌ಕೆ ಪರೀಕ್ಷೆಯ ಸೀಟಿಗೆ ಇನ್ನೊಂದು, ಮ್ಯಾನೇಜ್‌ಮೆಂಟ್ ಸೀಟಿಗೆ ಅವರು ಹೇಳಿದ್ದೇ ರೇಟು. ನಾಲ್ಕು ವರ್ಷಕ್ಕೆ ಲಕ್ಷಗಟ್ಟಲೆ ವ್ಯತ್ಯಾಸ ಬೀಳುವುದು ಇಲ್ಲೇ. ಕೊಬ್ಬರಿ ಮಾರಿ ಆ ವ್ಯತ್ಯಾಸ ತುಂಬುವುದಕ್ಕೆ ಆಗುತ್ತಾ ಹೇಳು.

ಹೆಡ್‌ಮಾಸ್ಟರ್ ಹತ್ತಿರ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬಗ್ಗೆ ಈ ವಾರವೇ ಕೇಳು. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಎಂಟನೇ ಕ್ಲಾಸು ಓದುವವರಿಗೆ ಮಾತ್ರ ಇರುವ ಪರೀಕ್ಷೆ ಅದು, ಆ ಒಂದು ವರ್ಷ ಬಿಟ್ಟರೆ ಮುಗಿಯಿತು. ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ಮೀರಿರಬಾರದು. ತಲೆ ಓಡಿಸುವ 90 ಪ್ರಶ್ನೆ, ಪಾಠದ್ದು 90 ಪ್ರಶ್ನೆ. ಆಯ್ಕೆಯಾದರೆ ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಅದನ್ನು ಖರ್ಚು ಮಾಡದೆ ಹಾಗೇ ಬಿಟ್ಟರೆ ಕಾಲೇಜು ಸೇರುವ ಹೊತ್ತಿಗೆ 48,000. ಪುಟ್ಟಿಗೆ ಈ ಲೆಕ್ಕದ ಪ್ರಶ್ನೆಗಳು ಇಷ್ಟವಾಗುತ್ತವೆ, ನನಗೆ ಗೊತ್ತು. ಆದರೆ ಆಮೇಲೆ ಪ್ರೈವೇಟ್ ಶಾಲೆಗೆ ಹಾಕಿದರೆ ಈ ದುಡ್ಡೂ ನಿಲ್ಲುತ್ತದೆ, ಅದನ್ನೂ ಮನಸ್ಸಲ್ಲಿ ಇಟ್ಟುಕೋ.

ಹೆಡ್‌ಮಾಸ್ಟರ್ ರೂಮಿನಲ್ಲಿ ಇರುವಾಗಲೇ ದಾಖಲಾತಿ ಪುಸ್ತಕ ತೆಗೆಸಿ ಹೆಸರು ನೋಡು. ಆಧಾರ್‌ನಲ್ಲಿ ನಿನ್ನ ಪೂರ್ತಿ ಹೆಸರು ಸೇರಿಕೊಂಡಿರುತ್ತದೆ, ಶಾಲೆಯಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ, ಜಾತಿ ಪತ್ರದಲ್ಲಿ ಮೂರನೇ ತರಹ ಇರುತ್ತದೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಅಚ್ಚಾಗುವ ಮೊದಲು ಸರಿಪಡಿಸುವುದು ಸುಲಭ, ಅಚ್ಚಾದ ಮೇಲೆ ಅಲೆದಾಟ. ಜಾತಿ ಮತ್ತು ಆದಾಯ ಪತ್ರ ನಾಡಕಚೇರಿಯಲ್ಲೇ ಆಗುತ್ತದೆ, ಐದು ವರ್ಷ ನಡೆಯುತ್ತದೆ. ಸಿಇಟಿ ಅರ್ಜಿಯಲ್ಲಿ ಆ ಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಬೇಕು, ಹಾಗಾಗಿ ಫಸ್ಟ್ ಪಿಯುಸಿಯಲ್ಲಿ ತಾರೀಖು ಒಮ್ಮೆ ನೋಡಿ ಹೊಸದು ಮಾಡಿಸು. ಹಳ್ಳಿ ಶಾಲೆಯ ವ್ಯಾಸಂಗ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಸಿಇಟಿ ಸಮಯದಲ್ಲಿ ಆ ಆಫೀಸಿನ ಮುಂದೆ ಜಾತ್ರೆ ಸೇರಿರುತ್ತದೆ, ಮೊದಲೇ ಮುಗಿಸಿಕೊಂಡರೆ ನೆಮ್ಮದಿ.

ಇನ್ನು ಪಿಯುಸಿ. ಆಗ ಬೇಕಾದರೆ ಹಾಸನಕ್ಕೆ ಕಳಿಸು, ಗ್ರಾಮೀಣ ಕೋಟಾಕ್ಕೆ ಏನೂ ಆಗುವುದಿಲ್ಲ, ಅದು ಹತ್ತನೇ ಕ್ಲಾಸಿಗೇ ಮುಗಿದ ಲೆಕ್ಕ. ಆದರೆ ಲಕ್ಷಗಟ್ಟಲೆ ಕೇಳುವ "ಇಂಟಿಗ್ರೇಟೆಡ್" ಕಾಲೇಜುಗಳ ಫ್ಲೆಕ್ಸ್ ನೋಡಿ ಮರುಳಾಗಬೇಡ. ಫ್ಲೆಕ್ಸಿನಲ್ಲಿ ಇರುವುದು ಗೆದ್ದವರ ಫೋಟೋ ಮಾತ್ರ ಅಲ್ವಾ? ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಇನ್ನರ್ಧ ಸೆಕೆಂಡ್ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ. ಬೋರ್ಡ್ ಪರೀಕ್ಷೆಯನ್ನು ಚೆನ್ನಾಗಿ ಓದುವುದೇ ಅರ್ಧ ಕೋಚಿಂಗು. ಮೆಡಿಕಲ್ ಬೇರೆ, ಅಲ್ಲಿ ರ‍್ಯಾಂಕು ಪೂರ್ತಿ ನೀಟ್ ಮೇಲೆ.

ಅಷ್ಟಕ್ಕೂ ಪುಟ್ಟಿಗೆ ಏನು ಬೇಕು ಅಂತ ಕೇಳಿದ್ದೀಯಾ? ಹೋದ ಸಲ ಬಂದಾಗ ತೆಂಗಿನ ಗರಿ ಯಾಕೆ ಹಳದಿಯಾಗುತ್ತೆ ಅಂತ ನಿನಗೇ ಪಾಠ ಮಾಡುತ್ತಿದ್ದಳು. ಬಿಎಸ್ಸಿ ಅಗ್ರಿಗೆ ಕೃಷಿಕರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಮುಂದೆ ಇಟ್ಟ ಬೀಜ, ಗೊಬ್ಬರ, ಉಪಕರಣ ನೋಡಿ ಯಾವುದು ಏನು ಅಂತ ಹೇಳಬೇಕು. ಪೇಟೆ ಮಕ್ಕಳು ಅದಕ್ಕೂ ಟ್ರೈನಿಂಗ್ ತಗೋತಾರಂತೆ! ನಿನ್ನ ಮಗಳು ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ.

ತೋಟ ಅಡ ಇಡುವ ಮಾತು ಮಾತ್ರ ಇನ್ನೊಮ್ಮೆ ಎತ್ತಬೇಡ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡ ಬೇಕಿಲ್ಲ, ಓದು ಮುಗಿದು ಒಂದು ವರ್ಷದ ತನಕ ಕಂತೂ ಇಲ್ಲ. ಅದಕ್ಕಿಂತ ಮೊದಲು ಎಸ್‌ಎನ್‌ಕ್ಯೂ ಸೀಟು ನೋಡಬೇಕು. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದವರಿಗೆ ಪ್ರತಿ ಬ್ರಾಂಚಿನಲ್ಲೂ ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ, ಉಳಿದ ಸಣ್ಣಪುಟ್ಟ ಫೀಸು ಮಾತ್ರ ಕಟ್ಟಬೇಕು. ರ‍್ಯಾಂಕು ಚೆನ್ನಾಗಿರಬೇಕು ಅಷ್ಟೇ.

ಹಾಸ್ಟೆಲಿಗೆ ಅಂತ ತೆಗೆದಿಟ್ಟ ದುಡ್ಡನ್ನು ಪೋಸ್ಟ್ ಆಫೀಸಿನಲ್ಲಿ ಅವಳ ಹೆಸರಲ್ಲಿ ತಿಂಗಳು ತಿಂಗಳು ಕಟ್ಟುವ ಐದು ವರ್ಷದ ಆರ್‌ಡಿ ಮಾಡು. ಸಿಟಿ ಶಾಲೆಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ರಸೀದಿಯ ಫೋಟೋ ಕಳಿಸು, ವಾಪಸ್ ಕೇಳುವುದು ಹೇಗೆ ಅಂತ ಇಬ್ಬರೂ ಕೂತು ನೋಡೋಣ. ತಂಗಿಗೂ ಇದನ್ನು ಓದಿ ಹೇಳು, ಕಾಗದ ಪತ್ರದ ವಿಷಯದಲ್ಲಿ ನಿನಗಿಂತ ಅವಳೇ ವಾಸಿ.

ಇಂತಿ ನಿನ್ನ,
ಹಳೇ ಬೆಂಚ್‌ಮೇಟ್