ನಮಂಗಾ ಬಾರ್ಡರಲ್ಲಿ ಸಿಕ್ಕ ಆ ಲಾರಿ ಡ್ರೈವರ್ ಅಣ್ಣಂಗೆ

ತಾಂಜಾನಿಯಾದ ಅರುಶಾದಿಂದ ಕೀನ್ಯಾ ಗಡಿಯ ನಮಂಗಾಗೆ 100 ಕಿಲೋಮೀಟರ್ ಮೇಲಾಗುತ್ತೆ, ಕೀನ್ಯಾ ನಂಬರ್ ಪ್ಲೇಟಿನ ನಮ್ ಕಾರಿನ ಟೆಂಪರರಿ ಪರ್ಮಿಟ್ ಮುಗಿಯೋಕೆ ಬಂದಿತ್ತು, ಬೆಳಿಗ್ಗೆ ಗಡಿ ದಾಟಿ ಸಂಜೆಗೆ ಹೊಸ ಪೇಪರ್ ಹಿಡ್ಕೊಂಡು ವಾಪಸ್ ಬಂದ್ರಾಯ್ತು ಅಂತ ಹೊರಟ್ವಿ. ಕೌಂಟರ್ ಹತ್ರ ನೋಡಿದ್ರೆ ಯೆಲ್ಲೋ ಕಾರ್ಡ್ ಇನ್ಶೂರೆನ್ಸ್ (ಗಡಿಯಾಚೆ ದೇಶದಲ್ಲೂ ನಡೆಯೋ ಗಾಡಿ ವಿಮೆ) ಹಿಂದಿನ ದಿನಾನೇ ಮುಗಿದೋಗಿದೆ! ಕೈಕಾಲೇ ಆಡ್ಲಿಲ್ಲ. ಕ್ಯೂನಲ್ಲಿ ಹಿಂದಿದ್ದ ಲಾರಿ ಡ್ರೈವರ್ ಒಬ್ರು, ಅಂಗೈ ತುಂಬಾ ಗ್ರೀಸ್ ಕಲೆ, ತಮ್ಮ ಸರದಿ ಬಿಟ್ಟು ನನ್ನನ್ನ ಬೋಡಾಬೋಡಾದಲ್ಲಿ (ಬೈಕ್ ಟ್ಯಾಕ್ಸಿ) ಕೂರಿಸ್ಕೊಂಡು ಇನ್ಶೂರೆನ್ಸ್ ಅಂಗಡಿಗೆ ಕರ್ಕೊಂಡೋಗಿ, ಸ್ವಾಹಿಲಿಯಲ್ಲಿ ಮಾತಾಡಿ, ಫಾರ್ಮೂ ಅವ್ರೇ ತುಂಬಿಸಿದ್ರು. ಚಾಯ್‌ಗೆ ಅಂತ ದುಡ್ಡು ಕೊಡೋಕೋದ್ರೆ ತಗೊಳ್ಳಲೇ ಇಲ್ಲ, "ಸಫಾರಿ ನ್ಜೆಮಾ" (ಪ್ರಯಾಣ ಚೆನ್ನಾಗಿರ್ಲಿ) ಅಂದು ಹೊರಟೇ ಹೋದ್ರು, ಹೆಸ್ರು ಕೇಳೋಕೂ ಆಗ್ಲಿಲ್ಲ. ಅಣ್ಣಾ, ಅಸಾಂಟೆ ಸಾನಾ, ತುಂಬಾ ಥ್ಯಾಂಕ್ಸ್.. ಊರಲ್ಲಿ ನಮ್ಮಮ್ಮ ದೀಪ ಹಚ್ಚುವಾಗ ಈಗ್ಲೂ ನಿಮ್ಮನ್ನ ನೆನೆಸ್ಕೋತಾರೆ.