ಸೌರ ಪಂಪ್‌ಸೆಟ್: ಡ್ರೈವ್‌ನಿಂದ ಮೋಟಾರಿಗೆ ಹೋಗುವ ವೋಲ್ಟೇಜ್ ಕಡೆಗೂ ಗಮನವಿರಲಿ

ಮಾನ್ಯ ಸಂಪಾದಕರೇ,

2019ರಲ್ಲಿ ರೈತರ ಸೌರ ಪಂಪಿಗೆ ನೆರವಾಗುವ ಕೇಂದ್ರದ ಪಿಎಂ-ಕುಸುಮ್ ಯೋಜನೆ ಬಂದ ಮೇಲೆ ಶಿರಸಿ ಸೀಮೆಯ ಅಡಿಕೆ ತೋಟಿಗರಲ್ಲೂ ಸೌರ ಪಂಪ್‌ಸೆಟ್ ಹಾಕಿಸುವ ಆಸಕ್ತಿ ಹೆಚ್ಚಿದೆ. ಕಡಿಮೆ ಬಿಸಿಲಿನಲ್ಲೂ ಹೆಚ್ಚು ನೀರೆತ್ತುತ್ತದೆ ಎಂಬ ಕಾರಣಕ್ಕೆ ಹಲವರು ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರನ್ನೇ ಆರಿಸುತ್ತಾರೆ. ಆಯ್ಕೆ ಸರಿಯಾದದ್ದೇ. ರೋಟರಿನಲ್ಲಿ ಅಯಸ್ಕಾಂತವಿರುವುದರಿಂದ ಅಲ್ಲಿ ವಿದ್ಯುತ್ ವ್ಯರ್ಥವಾಗುವುದು ತೀರಾ ಕಡಿಮೆ. ಆದರೆ ಈ ಮೋಟಾರು ಡ್ರೈವ್ ಇಲ್ಲದೆ, ಅಂದರೆ ಪ್ಯಾನೆಲ್ಲಿನ ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿಯಾಗಿ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇಲ್ಲದೆ, ತಿರುಗುವುದಿಲ್ಲ. ಆ ಡ್ರೈವ್ ಕೊಡುವ ವೋಲ್ಟೇಜ್ ವಿಕೃತವಾಗದಂತೆ ನೋಡಿಕೊಳ್ಳುವ ಕೆಲಸವನ್ನು ನಮ್ಮಲ್ಲಿ ಯಾರೂ ತಮ್ಮದೆಂದು ಭಾವಿಸುತ್ತಿಲ್ಲ.

ನಮ್ಮ ತೋಟಗಳಿರುವುದು ಎರಡು ಗುಡ್ಡಗಳ ನಡುವಿನ ನೆರಳಿನಲ್ಲಿ. ಬಾವಿ ಅದಕ್ಕಿಂತಲೂ ಕೆಳಗೆ. ಬಿಸಿಲು ಬೀಳುವುದು ಮೇಲಿನ ಬ್ಯಾಣದಲ್ಲಿ, ಅಂದರೆ ಗುಡ್ಡದ ಹುಲ್ಲುಗಾವಲಿನಲ್ಲಿ. ಹೀಗಾಗಿ ಪ್ಯಾನೆಲ್ಲನ್ನು ಮೇಲೆ ನಿಲ್ಲಿಸಿ, ಅದರ ಕಂಬಕ್ಕೇ ಡ್ರೈವ್ ಪೆಟ್ಟಿಗೆಯನ್ನೂ ಬಿಗಿದು, ಅಲ್ಲಿಂದ ಕೆಳಗಿನ ಮೋಟಾರಿಗೆ ನೂರಾರು ಅಡಿ ಕೇಬಲ್ ಎಳೆಯುತ್ತಾರೆ. ಬಯಲುಸೀಮೆಯ ಹೊಲದಲ್ಲಿ, ಬೋರಿನ ಪಕ್ಕದಲ್ಲೇ ಪ್ಯಾನೆಲ್ ನಿಲ್ಲುವ ಕಡೆ, ಈ ಪ್ರಶ್ನೆ ಇಷ್ಟು ತೀವ್ರವಾಗಿ ಏಳುವುದಿಲ್ಲ.

ಡ್ರೈವ್‌ನಿಂದ ಹೊರಡುವುದು ನಯವಾದ ಅಲೆಯಲ್ಲ. 500 ವೋಲ್ಟಿನ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿದ ಚೌಕಾಕಾರದ ತುಣುಕುಗಳು ಅವು, ಒಂದೊಂದೂ 0.1ರಿಂದ 0.2 ಮೈಕ್ರೊಸೆಕೆಂಡಿನೊಳಗೆ ಪೂರ್ಣ ಎತ್ತರಕ್ಕೇರುತ್ತದೆ. ಕೇಬಲ್ಲಿನಲ್ಲಿ ಇವು ಮೈಕ್ರೊಸೆಕೆಂಡಿಗೆ ಸುಮಾರು 150 ಮೀಟರ್ ಸಾಗುತ್ತವೆ. ಕೇಬಲ್ 15 ಮೀಟರ್ ದಾಟಿತೆಂದರೆ, ಕಾರವಾರದ ಬಂದರು ಗೋಡೆಗೆ ಬಡಿದ ಅಲೆ ಅಲ್ಲೇ ಎತ್ತರಕ್ಕೆದ್ದು ಹಿಂದಿರುಗುವಂತೆ, ಮೋಟಾರಿನ ಬಾಯಲ್ಲಿ ವೋಲ್ಟೇಜ್ ಸುಮಾರು ಎರಡು ಪಟ್ಟಾಗಬಹುದು. ಅಂದರೆ 1000 ವೋಲ್ಟಿನ ಹತ್ತಿರ. ಅದೂ ಪ್ರತಿ ತುಣುಕಿಗೂ.

ರಿವೈಂಡಿಂಗಿಗೆ ಬಂದ ಮೋಟಾರನ್ನು ಬಿಚ್ಚಿದರೆ ಇದರ ಗುರುತು ಸ್ಪಷ್ಟವಾಗಿ ಸಿಗುತ್ತದೆ. ಓವರ್‌ಲೋಡಿನಿಂದ ಸುಟ್ಟದ್ದಾದರೆ ವೈಂಡಿಂಗ್ ಎಲ್ಲ ಕಡೆ ಒಂದೇ ಸಮನೆ ಕಪ್ಪಾಗಿರುತ್ತದೆ. ಇಲ್ಲಿ ಹಾಗಲ್ಲ. ಉಳಿದ ವೈಂಡಿಂಗ್ ಹೊಸದರ ಹಾಗೇ ಇದ್ದು, ಲೀಡ್ ತಂತಿ ಒಳಸೇರುವಲ್ಲಿನ ಮೊದಲ ಕೆಲವು ಸುತ್ತುಗಳ ನಡುವೆ ಮಾತ್ರ ಇನ್ಸುಲೇಶನ್ ತೂತಾಗಿ ತಾಮ್ರ ಕರಗಿರುತ್ತದೆ, ಏಕೆಂದರೆ ಅಷ್ಟು ವೇಗವಾಗಿ ಏರುವ ವೋಲ್ಟೇಜಿನ ಹೆಚ್ಚಿನ ಪಾಲು ಆ ಮೊದಲ ಸುತ್ತುಗಳ ಮೇಲೇ ಬೀಳುತ್ತದೆ. ಇದನ್ನು ‘ನೀರಿಳಿದದ್ದು’ ಎಂದೋ ‘ರೈತರ ಅಜಾಗ್ರತೆ’ ಎಂದೋ ಬರೆದು ವಾರಂಟಿ ನಿರಾಕರಿಸುವುದು ಅನ್ಯಾಯ. ಡ್ರೈವ್‌ನಂಥ ಕನ್ವರ್ಟರ್‌ನಿಂದ ಓಡುವ ಮೋಟಾರುಗಳ ಇನ್ಸುಲೇಶನ್ನಿಗೆಂದೇ ಐಇಸಿ 60034-18-41 ಎಂಬ ಅಂತಾರಾಷ್ಟ್ರೀಯ ಮಾನಕವಿರುವಾಗ ತೊಂದರೆ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ.

ಸಾಧ್ಯವಿದ್ದಲ್ಲೆಲ್ಲ ಡ್ರೈವನ್ನು ಪ್ಯಾನೆಲ್ಲಿನ ಬುಡದಿಂದ ಬಾವಿಯ ಹತ್ತಿರಕ್ಕೆ ತರುವುದೇ ಮೊದಲ ಪರಿಹಾರ. ಉದ್ದದ ದಾರಿಯನ್ನು ಡಿಸಿ ಕೇಬಲ್ ಕ್ರಮಿಸಿದರೆ ಈ ಪ್ರತಿಫಲನದ ಕಾಟವಿಲ್ಲ. ನಮ್ಮ ಮಳೆಗೆ ತಡೆಯುವ ಪೆಟ್ಟಿಗೆಯೊಂದು ಬೇಕು, ಅಷ್ಟೆ. ಅದಾಗದಿದ್ದರೆ ಡ್ರೈವ್‌ನ ಹೊರದಾರಿಯಲ್ಲೇ ವೋಲ್ಟೇಜ್ ಏರುವ ವೇಗವನ್ನು ತಗ್ಗಿಸುವ ಡಿವಿ-ಡಿಟಿ ಫಿಲ್ಟರ್ ಅಥವಾ ತುಣುಕುಗಳನ್ನು ನಯವಾದ ಅಲೆಯಾಗಿಸುವ ಸೈನ್ ಫಿಲ್ಟರ್ ಕೂರಿಸಬೇಕು. ಸೈನ್ ಫಿಲ್ಟರನ್ನು ಪೇಟೆಯಿಂದ ತಂದು ಸುಮ್ಮನೆ ಜೋಡಿಸಿದರೆ ಸಾಲದು. ಅದು ಡ್ರೈವ್‌ನ ಸ್ವಿಚಿಂಗ್ ಆವೃತ್ತಿಗೆ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕತ್ತರಿಸುತ್ತದೆಂಬುದಕ್ಕೆ, ಹೊಂದಬೇಕು, ಫಿಲ್ಟರ್ ಇದೆ ಎಂಬುದನ್ನು ಡ್ರೈವ್‌ನ ಸೆಟ್ಟಿಂಗಿನಲ್ಲೂ ತಿಳಿಸಬೇಕು. ಹಳೆಯ ಪಂಪಿನ ಪ್ಯಾನೆಲ್ ಬೋರ್ಡಿನ ಕೆಪಾಸಿಟರ್‌ಗಳನ್ನಂತೂ ಡ್ರೈವ್‌ನ ಹೊರದಾರಿಗೆ ಜೋಡಿಸಲೇಬಾರದು.

ಇನ್ನೊಂದು ವಿಕೃತಿ ಡ್ರೈವ್‌ನ ಒಳಗೇ ಹುಟ್ಟುತ್ತದೆ. ಡಿಸಿಯನ್ನು ಕತ್ತರಿಸುವ ಮೇಲಿನ ಮತ್ತು ಕೆಳಗಿನ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಒಟ್ಟಿಗೇ ಆನ್ ಆಗಿ ಶಾರ್ಟ್ ಆಗದಿರಲೆಂದು ನಡುವೆ ಎರಡು-ಮೂರು ಮೈಕ್ರೊಸೆಕೆಂಡ್ ಬಿಡುವು ಇಟ್ಟಿರುತ್ತಾರೆ. ಇದೇ ಡೆಡ್ ಟೈಮ್. ಸೆಕೆಂಡಿಗೆ ಹತ್ತು ಸಾವಿರ ಸಲ ಕತ್ತರಿಸುವ ಡ್ರೈವ್‌ನಲ್ಲಿ ಮೂರು ಮೈಕ್ರೊಸೆಕೆಂಡ್ ಎಂದರೆ ಶೇ 3. 500 ವೋಲ್ಟಿಗೆ ಅದು 15 ವೋಲ್ಟಿನ ತಪ್ಪು. ಪೂರ್ಣ ವೇಗದಲ್ಲಿ ಇದು ಗಮನಕ್ಕೇ ಬಾರದು. ಬೆಳಗಿನ ಇಬ್ಬನಿಯಲ್ಲೋ ಮೋಡ ಸರಿದ ಮೇಲೋ ಪಂಪು ಮತ್ತೆ ಹೊರಡುವಾಗ ಮೋಟಾರಿಗೆ ಬೇಕಾದ ವೋಲ್ಟೇಜೇ ಇಪ್ಪತ್ತು-ಮೂವತ್ತು. ಆಗ ಇದೇ ತಪ್ಪು ಕರೆಂಟಿನಲ್ಲಿ ಐದನೇ ಮತ್ತು ಏಳನೇ ಹಾರ್ಮೋನಿಕ್ (ಮೂಲ ಅಲೆಯ ಐದು, ಏಳು ಪಟ್ಟು ಆವೃತ್ತಿಯ ಬೇಡದ ಅಲೆಗಳು) ತುಂಬಿ ಮೋಟಾರನ್ನು ನಡುಗಿಸುತ್ತದೆ. ಬಾವಿಯೊಳಗಿನ ಮೋಟಾರಿಗೆ ಸೆನ್ಸರ್ ಇರುವುದಿಲ್ಲವಾದ್ದರಿಂದ, ರೋಟರ್ ಎಲ್ಲಿದೆಯೆಂದು ಡ್ರೈವ್ ತಾನು ಕೊಟ್ಟೆನೆಂದುಕೊಂಡ ವೋಲ್ಟೇಜಿನ ಲೆಕ್ಕದಿಂದಲೇ ಊಹಿಸುತ್ತದೆ. ಲೆಕ್ಕ ತಪ್ಪಿದರೆ ಟ್ರಿಪ್.

ಕರೆಂಟು ಹರಿಯುವ ದಿಕ್ಕನ್ನು ನೋಡಿ, ಕಳೆದುಹೋದಷ್ಟು ವೋಲ್ಟೇಜನ್ನು ಸೇರಿಸಿಕೊಡುವ ವ್ಯವಸ್ಥೆ ಅನೇಕ ಡ್ರೈವ್‌ಗಳ ಸಾಫ್ಟ್‌ವೇರಿನಲ್ಲೇ ಇದೆ. ಆದರೆ ಅದು ಸರಿಯಾಗಿ ದುಡಿಯಬೇಕಾದರೆ, ಪೂರ್ತಿ ಕೇಬಲ್ ಜೋಡಿಸಿದ ಮೇಲೆ ತೋಟದಲ್ಲೇ ಆಟೋಟ್ಯೂನ್ ಮಾಡಬೇಕು, ಅಂದರೆ ಡ್ರೈವ್ ತಾನೇ ಅಳೆದು ಸೆಟ್ಟಿಂಗ್ ಹೊಂದಿಸಿಕೊಳ್ಳುವಂತೆ ಮಾಡಬೇಕು. ಕೇಬಲ್ಲಿನ ರೆಸಿಸ್ಟೆನ್ಸೂ ಲೆಕ್ಕಕ್ಕೆ ಬರಬೇಕು. ಅರ್ಧ ಗಂಟೆಯೂ ಹಿಡಿಯದ ಈ ಕೆಲಸವನ್ನು ಬಿಟ್ಟು, ಕಾರ್ಖಾನೆಯ ಸೆಟ್ಟಿಂಗಿನಲ್ಲೇ ಚಾಲೂ ಮಾಡಿ ಹೋಗುವುದು ನನಗೆ ತೀರಾ ಬೇಸರದ ಸಂಗತಿ.

ಆದ್ದರಿಂದ ಸೌರ ಪಂಪ್ ಯೋಜನೆಯ ಅಧಿಕಾರಿಗಳಲ್ಲಿ ನನ್ನ ವಿನಂತಿ: ಹಸ್ತಾಂತರ ಪತ್ರದಲ್ಲಿ ಡ್ರೈವ್‌ನಿಂದ ಮೋಟಾರಿಗಿರುವ ಕೇಬಲ್ಲಿನ ಉದ್ದ, ಫಿಲ್ಟರಿನ ವಿವರ ಮತ್ತು ಸ್ಥಳದಲ್ಲೇ ಟ್ಯೂನ್ ಮಾಡಿದ ದಾಖಲೆ ಕಡ್ಡಾಯವಾಗಲಿ, ಮಲೆನಾಡಿನ ಅಂದಾಜುಪಟ್ಟಿಯಲ್ಲಿ ಫಿಲ್ಟರಿನ ಖರ್ಚನ್ನು ರೈತರ ಮೇಲೆ ಹಾಕದೆ ಮೊದಲೇ ಸೇರಿಸಲಿ. ಈಗಾಗಲೇ ಉದ್ದದ ಕೇಬಲ್ಲಿನಲ್ಲಿ ಓಡುತ್ತಿರುವ ಪಂಪುಗಳನ್ನು, ತೋಟಕ್ಕೆ ನೀರು ಬಿಡುವ ಹಂಗಾಮು ಶುರುವಾಗುವ ಮೊದಲೇ, ಒಮ್ಮೆ ತಪಾಸಣೆ ಮಾಡಿಸಲಿ.

ಇಂತಿ,
ಮೋಟಾರ್ ರಿವೈಂಡಿಂಗ್ ವೃತ್ತಿಯ ಓದುಗ, ಶಿರಸಿ