ಜೂನ್ ತಿಂಗಳು ದಾಟಿಸಲು ನಿಮ್ಮ ನೆರವು ಬೇಕು: ಕುದ್ಮುಲ್ ರಂಗರಾಯರ ನೆನಪಿನಲ್ಲಿ ಒಂದು ಮನವಿ

ಆತ್ಮೀಯರೇ, ನಮಸ್ಕಾರ.

ಮಂಗಳೂರಿನ ಪುರಭವನಕ್ಕೆ ಹೋಗದವರು ನಮ್ಮಲ್ಲಿ ಕಡಿಮೆ. ನಾಟಕ, ಯಕ್ಷಗಾನ, ಸನ್ಮಾನ ಅಂತ ಏನಾದರೊಂದು ಇದ್ದೇ ಇರುತ್ತದೆ. ಆ ಕಟ್ಟಡಕ್ಕೆ, ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರ ಹೆಸರಿದೆ. ಹೆಸರು ಎಲ್ಲರ ಬಾಯಲ್ಲೂ ಇದೆ, ಕೆಲಸ ಮಾತ್ರ ಮರೆತುಹೋಗುತ್ತಿದೆ. ಅವರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನಲ್ಲಿ. ಈ ಸಲ ಆ ದಿನ ಬರುವುದರೊಳಗೆ ನಮ್ಮ ಟ್ರಸ್ಟ್ ಒಂದು ಚಿಕ್ಕ ನಿಧಿ ಕೂಡಿಸಬೇಕೆಂದಿದೆ. ಹಳ್ಳಿಯ ದಲಿತ ಕುಟುಂಬಗಳಿಂದ ಮಂಗಳೂರಿಗೆ ಪಿಯುಸಿ, ಐಟಿಐ, ಡಿಗ್ರಿ ಓದಲು ಬರುವ ಮಕ್ಕಳ ಮೊದಲ ತಿಂಗಳುಗಳ ಖರ್ಚಿಗೆ ಅದು ಬಳಕೆಯಾಗುತ್ತದೆ. ಅದಕ್ಕೇ ಈ ಪತ್ರ.

ರಂಗರಾಯರು ಸಾರಸ್ವತ ಬ್ರಾಹ್ಮಣ ಮನೆತನದವರು. ಮಂಗಳೂರಿನಲ್ಲಿ ವಕೀಲರಾಗಿದ್ದರು, ಜಾತಿಭೇದ ಬೇಡ ಎನ್ನುತ್ತಿದ್ದ ಬ್ರಹ್ಮ ಸಮಾಜದವರ ಜೊತೆಗಿದ್ದರು. ಬೆಂದೂರಿನ ಬಾಬು ಎಂಬ ದಲಿತ ಯುವಕನ ಕಥೆ ನಮ್ಮ ಊರಿನ ಹಿರಿಯರಿಗೆ ಗೊತ್ತು. ನಾಲ್ಕನೇ ಕ್ಲಾಸು ಓದಿದ್ದ ಆತನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತ್ತು. ಅವನು ಒಳಗೆ ಬರುವುದೇ ಬೇಡ ಎಂದು ಮೇಲ್ಜಾತಿಯವರು ಗಲಾಟೆ ಮಾಡಿದರು. ವಕೀಲರಾಗಿದ್ದ ರಂಗರಾಯರಿಗೆ ಇದು ತುಂಬಾ ತಟ್ಟಿತು. ಅಷ್ಟು ಓದಿದವನಿಗೇ ಹೀಗಾದರೆ ಓದದವರ ಗತಿ ಏನು, ಅಲ್ವಾ?

1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ತೆರೆದದ್ದೇನೋ ಸರಿ, ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರು ಯಾರೂ ಒಪ್ಪಲಿಲ್ಲ. ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಕ್ಷೌರಿಕರು, ಅಗಸರು ಅವರ ಮನೆಗೆ ಬರುವುದನ್ನು ನಿಲ್ಲಿಸಿದರು. ಶಾಲೆಗೆ ಜಾಗ ಕೊಡಲು ಜನ ಹೆದರುತ್ತಿದ್ದರು, ಹಾಗಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾಯಿತು. ಆದರೂ ಅವರು ಬಿಡಲಿಲ್ಲ. 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಕೊಡಿಯಾಲ್‌ಬೈಲಿನ ಕೋರ್ಟ್ ಗುಡ್ಡೆಯಲ್ಲಿ ಶಾಲೆ, ಹಾಸ್ಟೆಲ್, ನೇಯ್ಗೆ ಮತ್ತು ಮರಗೆಲಸ ಕಲಿಸುವ ವ್ಯವಸ್ಥೆ ಎಲ್ಲ ಬಂತು.

ನಮಗೆ ಇಲ್ಲಿ ಬಹಳ ಮುಖ್ಯವಾಗಿ ಕಾಣುವುದು ಇನ್ನೊಂದು. ಶಾಲೆ ತೆರೆದರೂ ಮಕ್ಕಳು ಬರಲಿಲ್ಲ. ಮಗು ಶಾಲೆಗೆ ಬಂದರೆ ಆ ದಿನದ ಕೂಲಿ ಹೋಗುತ್ತಿತ್ತು, ಮಧ್ಯಾಹ್ನದ ಗಂಜಿಗೂ ಕಷ್ಟವಾಗುತ್ತಿತ್ತು. ರಂಗರಾಯರು ಇದನ್ನು ಬೇಗ ತಿಳಿದುಕೊಂಡರು. ಶಾಲೆಯಲ್ಲೇ ಮಧ್ಯಾಹ್ನದ ಊಟ ಹಾಕಿಸಿದರು. ಮಗುವನ್ನು ಕಳಿಸಿದ ಮನೆಯವರಿಗೆ ದಿನಕ್ಕೆ 2 ಪೈಸೆ ಕೊಟ್ಟರು. ಉಪದೇಶ ಮಾಡುತ್ತಾ ಕೂರಲಿಲ್ಲ. ಆ ಮನೆಯ ಲೆಕ್ಕ ಏನೆಂದು ನೋಡಿ, ಕಡಿಮೆ ಬಿದ್ದಷ್ಟನ್ನು ತುಂಬಿಸಿದರು. ಅವರ ಇಡೀ ಜೀವನದ ಸೇವೆಯಲ್ಲಿ ನಮಗೆ ದಾರಿ ತೋರಿಸುವುದು ಈ ಊಟ ಮತ್ತು ಈ 2 ಪೈಸೆ.

ಹೇಳಿದ್ದನ್ನು ಅವರು ತಮ್ಮ ಮನೆಯಲ್ಲೂ ಮಾಡಿದರು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಓದಿಸಿದರು. 1912ರಲ್ಲಿ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರ ಜೊತೆ ಮದುವೆ ಮಾಡಿದರು. ಅದು ಆ ಕಾಲದಲ್ಲಿ ಎಂಥ ಧೈರ್ಯದ ಕೆಲಸ ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇವೆ. ಬಿಸಿಯೂಟ ಇವತ್ತು ಸರ್ಕಾರಿ ಶಾಲೆಗಳಲ್ಲೇ ಇದೆ. ಹಾಗಾದರೆ ಇನ್ನೇನು ಕೊರತೆ ಎಂದು ಕೇಳಬಹುದು. ಕೊರತೆ ಶುರುವಾಗುವುದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ಕಳೆದ ಜೂನ್‌ನಲ್ಲಿ ಸುಳ್ಯ ಕಡೆಯ ಒಬ್ಬಳು ಹುಡುಗಿ ತಂದೆಯ ಜೊತೆ ನಮ್ಮ ಕಚೇರಿಗೆ ಬಂದಿದ್ದಳು. ಪಿಯುಸಿ ಸೈನ್ಸ್‌ಗೆ ಸೀಟು ಸಿಕ್ಕಿತ್ತು. ನೆನೆಯದಿರಲಿ ಅಂತ ಅಂಕಪಟ್ಟಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ಕಾಲೇಜಿನವರು ಕೊಟ್ಟ ಚೀಟಿಯಲ್ಲಿ ಎರಡು ಜೊತೆ ಯೂನಿಫಾರ್ಮ್, ಹೊಲಿಗೆ, ಲ್ಯಾಬ್ ಕೋಟು, ರೆಕಾರ್ಡ್ ಪುಸ್ತಕ, ಹಾಸ್ಟೆಲ್ ಮೆಸ್ಸಿನ ಅಡ್ವಾನ್ಸ್ ಎಲ್ಲ ಬರೆದಿತ್ತು. ತಂದೆ ರಬ್ಬರ್ ಟ್ಯಾಪಿಂಗ್ ಮಾಡುವವರು. ಮಳೆ ಜೋರಾದರೆ ಟ್ಯಾಪಿಂಗ್ ಇಲ್ಲ, ಸಂಬಳವೂ ಇಲ್ಲ. "ಸ್ಕಾಲರ್‌ಶಿಪ್ ಬಂದ ಕೂಡ್ಲೇ ತಿರುಗಿ ಕೊಡ್ತೇನೆ ಸಾರ್" ಎಂದು ಅವರು ಮತ್ತೆ ಮತ್ತೆ ಹೇಳಿದರು.

ಸ್ಕಾಲರ್‌ಶಿಪ್ ಬರುತ್ತದೆ, ನಿಜ. ಆದರೆ ಫೀಸು ಕಟ್ಟಬೇಕಾದದ್ದು ಜೂನ್‌ನಲ್ಲಿ, ಹಣ ಖಾತೆಗೆ ಬೀಳುವುದು ಎಷ್ಟೋ ತಿಂಗಳ ಮೇಲೆ. ಇತ್ತ ಕರಾವಳಿಯ ಕೂಲಿಯವರ ಮನೆಯಲ್ಲಿ ದುಡ್ಡಿಗೆ ತೀರಾ ಕಷ್ಟ ಬರುವುದೂ ಮಳೆಗಾಲದಲ್ಲೇ, ಅದರಲ್ಲೂ ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳುವರ ಆಟಿ ತಿಂಗಳಲ್ಲಿ. ಎರಡೂ ಒಂದೇ ಸಲ ಬಂದು ಕೂರುತ್ತವೆ. ಚೆನ್ನಾಗಿ ಓದುವ ಮಕ್ಕಳು ಸೀಟು ಬಿಟ್ಟು ಊರಿಗೆ ವಾಪಸ್ ಹೋಗುವುದು, ಬಟ್ಟೆ ಅಂಗಡಿಗೋ ಗೇರುಬೀಜದ ಫ್ಯಾಕ್ಟರಿಗೋ ಸೇರುವುದು ಈ ಎರಡು ಮೂರು ತಿಂಗಳಲ್ಲಿ. ಆಮೇಲೆ ಅವರನ್ನು ಓದಿಗೆ ಮರಳಿ ತರುವುದು ತುಂಬಾ ಕಷ್ಟ.

ಒಂದು ಮಗುವಿಗೆ ಈ ಹೊತ್ತನ್ನು ದಾಟಿಸಲು ನಮಗೆ ಸುಮಾರು 6,000 ರೂಪಾಯಿ ಬೇಕಾಗುತ್ತದೆ. ಅದರಲ್ಲಿ ಜಾಸ್ತಿ ಪಾಲು ಮೆಸ್ಸಿಗೆ, ಉಳಿದದ್ದು ಯೂನಿಫಾರ್ಮ್, ಬಸ್ ಪಾಸ್, ಪುಸ್ತಕಕ್ಕೆ. ಪೂರ್ತಿ ಮೊತ್ತವನ್ನು ಒಬ್ಬರೇ ಕೊಡಬೇಕೆಂದಿಲ್ಲ. ನಾಲ್ಕು ಜನ ಗೆಳೆಯರು ಸೇರಿ ಕೊಡಬಹುದು. 200 ರೂಪಾಯಿ ಕೊಟ್ಟರೂ ರಸೀದಿ ಬರೆದೇ ಕೊಡುತ್ತೇವೆ. ಕೊಲ್ಲಿ ದೇಶಗಳಲ್ಲಿ, ಮುಂಬಯಿಯಲ್ಲಿ ಇರುವ ನಮ್ಮೂರಿನವರು ತಿಂಗಳು ತಿಂಗಳು ಸ್ವಲ್ಪ ಕಳಿಸುತ್ತೇವೆಂದರೆ ಇನ್ನೂ ಅನುಕೂಲ.

ಈ ಹಣವನ್ನು ನಾವು ಸಾಲ ಎಂದು ಬರೆದುಕೊಳ್ಳುವುದಿಲ್ಲ. ಆ ತಂದೆಗೂ ಅದನ್ನೇ ಹೇಳಿದೆವು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚೆಕ್ ಕೊಡುವ ಫೋಟೋ ತೆಗೆಯುವುದಿಲ್ಲ, ಅವರ ಹೆಸರನ್ನು ಎಲ್ಲೂ ಹಾಕುವುದಿಲ್ಲ. ಇದಕ್ಕೂ ಕಾರಣ ರಂಗರಾಯರೇ. ನನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೆ ಹೋಗಬೇಕು, ಅದು ಕೂತ ಕಾರಿನ ಚಕ್ರದ ಧೂಳು ನನ್ನ ತಲೆಗೆ ತಾಗಬೇಕು, ಆಗ ನನ್ನ ಬದುಕು ಸಾರ್ಥಕ ಎಂದವರು ಅವರು. ನಂದಿಗುಡ್ಡೆಯಲ್ಲಿರುವ ಅವರ ಸಮಾಧಿಯಲ್ಲಿ ಈ ಮಾತನ್ನು ಕೆತ್ತಿದ್ದಾರೆ. ಅವರು 1928ರ ಜನವರಿ 30ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಶವಕ್ಕೆ ಹೆಗಲು ಕೊಟ್ಟವರು ದಲಿತರು. ಅಂಥವರ ಹೆಸರು ಹೇಳಿಕೊಂಡು ಕೊಡುವ ಹಣಕ್ಕೆ ಮಕ್ಕಳು ಯಾರ ಮುಂದೆಯೂ ಕೈಮುಗಿದು ನಿಲ್ಲುವಂತಾಗಬಾರದು.

ದೇಣಿಗೆಯನ್ನು ಚೆಕ್ ಮೂಲಕ, ಯುಪಿಐ ಮೂಲಕ ಅಥವಾ ನೇರವಾಗಿ ಟ್ರಸ್ಟಿನ ಖಾತೆಗೆ ಕಳಿಸಬಹುದು. ಖಾತೆಯ ವಿವರ ಮತ್ತು ಕ್ಯೂಆರ್ ಕೋಡ್ ಈ ಪತ್ರದ ಜೊತೆಗಿದೆ. ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ಲೆಕ್ಕವನ್ನು ದೀಪಾವಳಿಯೊಳಗೆ ಕೊಟ್ಟವರೆಲ್ಲರಿಗೂ ಕಳಿಸುತ್ತೇವೆ. ಹಣ ಕೊಡಲು ಆಗದವರು ನಿಮ್ಮ ಊರಿನಲ್ಲಿ ಸೀಟು ಸಿಕ್ಕಿಯೂ ಹೊರಡಲಾಗದೆ ಕೂತ ಮಕ್ಕಳಿದ್ದರೆ ನಮಗೆ ತಿಳಿಸಿ. ಅದೂ ದೊಡ್ಡ ಸಹಾಯ. ಕಾಲೇಜುಗಳು ಶುರುವಾಗುವ ಹೊತ್ತಾಯಿತು, ಆದಷ್ಟು ಬೇಗ ಕಳಿಸಿಕೊಡಿ.

ಇತಿ ನಿಮ್ಮ ವಿಶ್ವಾಸಿಗಳು,
ಟ್ರಸ್ಟಿಗಳು ಮತ್ತು ಹಳೆ ವಿದ್ಯಾರ್ಥಿಗಳು, ಮಂಗಳೂರು